ಬೆರಿಯಲ್ಲಿ ಶನಿವಾರಗಳೇ ಇಲ್ಲದ ನಾಲ್ಕು ವರ್ಷ

ಶನಿವಾರ ಮಧ್ಯಾಹ್ನ ಎರಡು ಗಂಟೆ ಹೊಡೆಯಿತೆಂದರೆ ನಮ್ಮ ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆದುಕೊಳ್ಳುತ್ತಿದ್ದವು. ಮೊದಲು ಎದುರು ಮನೆ, ಆಮೇಲೆ ಮೂಲೆ ಮನೆ, ಕೊನೆಗೆ ನಮ್ಮ ಗೋಡೆಗೇ ಅಂಟಿಕೊಂಡ ಮನೆಯ ಅಜ್ಜ. ಎಲ್ಲರ ಕೊರಳಲ್ಲೂ ನೀಲಿ-ಬಿಳಿ ಮಫ್ಲರ್, ಎಲ್ಲರ ಕಾಲೂ ಒಂದೇ ದಿಕ್ಕಿಗೆ. 2016ರಲ್ಲಿ ನಾವು ಇಲ್ಲಿಗೆ ಬಂದ ಹೊಸದರಲ್ಲಿ ನಾನು ಕಿಟಕಿಯಲ್ಲಿ ನಿಂತು ನೋಡುತ್ತಾ, ಹತ್ತಿರದಲ್ಲಿ ಎಲ್ಲೋ ಜಾತ್ರೆ ನಡೆದಿರಬೇಕು ಅಂದುಕೊಂಡಿದ್ದೆ. ಮುಂದಿನ ವಾರವಲ್ಲದೆ ಅದರ ಮುಂದಿನ ವಾರ ಮತ್ತೆ ಅದೇ ಮೆರವಣಿಗೆ. ಐದು ಗಂಟೆಯ ಹೊತ್ತಿಗೆ ಅದೇ ಜನ ವಾಪಸ್ಸು. ಅವರ ನಡಿಗೆ ನೋಡಿದರೆ ಸಾಕು, ಊರಿನ ಫುಟ್‌ಬಾಲ್ ತಂಡ ಗೆದ್ದಿತೋ ಸೋತಿತೋ ಗೊತ್ತಾಗುತ್ತಿತ್ತು.

ನಾನು ದಾವಣಗೆರೆಯವಳು. ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿ ಬೆಳೆದವಳು ಇಂಗ್ಲೆಂಡಿನ ನಿಜವಾದ ಮ್ಯಾಂಚೆಸ್ಟರ್‌ನಿಂದ ಟ್ರಾಮಿನಲ್ಲಿ ಅರ್ಧ ಗಂಟೆ ದೂರದ ಬೆರಿಗೆ ಬಂದು ಸೇರಿದೆ. ಸುಮಾರು 80 ಸಾವಿರ ಜನರ ಊರು. ಇಲ್ಲಿಯ ಸಂತೆ ಸುತ್ತಲ ಹತ್ತೂರಿಗೆ ಹೆಸರುವಾಸಿ. 1733ರಲ್ಲಿ, ನೇಯ್ಗೆಯನ್ನು ಚುರುಕುಗೊಳಿಸಿದ ಹಾರುವ ಲಾಳಿಗೆ ಪೇಟೆಂಟ್ ಪಡೆದ ಜಾನ್ ಕೇ ಈ ಊರಿನವನು. ಅವನ ಹೆಸರಿನ ಪುಟ್ಟ ಉದ್ಯಾನವೊಂದು ಪೇಟೆಯ ನಡುವೆ ಇದೆ. ಮೊದಲ ಸಲ ಅಲ್ಲಿ ಕೂತಾಗ ಊರಿನ ಮಗ್ಗದ ಕೇರಿಯ ಟಕ್-ಟಕ್ ಸದ್ದು ನೆನಪಾಗಿ, ಅಪ್ಪನಿಗೆ ಫೋನ್ ಮಾಡಿದ್ದೆ. ಅಪ್ಪ ದಾವಣಗೆರೆಯ ಹತ್ತಿ ಮಿಲ್ಲೊಂದರಲ್ಲಿ ಇಪ್ಪತ್ತು ವರ್ಷ ದುಡಿದವರು.

ಬೆರಿಯ ಫುಟ್‌ಬಾಲ್ ಕ್ಲಬ್ ಹುಟ್ಟಿದ್ದು 1885ರಲ್ಲಿ. ಅದರ ಮೈದಾನ ಗಿಗ್ ಲೇನ್ ಕೂಡ ಅಷ್ಟೇ ಹಳೆಯದು. ಇಂದಿನ ಮ್ಯಾಂಚೆಸ್ಟರ್ ಕ್ಲಬ್‌ಗಳ ವೈಭವದ ಪಕ್ಕದಲ್ಲಿ ಈ ಹೆಸರು ಸಣ್ಣದಾಗಿ ಕೇಳಬಹುದು. ಆದರೆ 1900ರಲ್ಲಿ ಮತ್ತು 1903ರಲ್ಲಿ, ಇಂಗ್ಲೆಂಡಿನ ಅತಿ ಹಳೆಯ ಫುಟ್‌ಬಾಲ್ ಪಂದ್ಯಾವಳಿಯಾದ ಎಫ್‌ಎ ಕಪ್ ಗೆದ್ದ ತಂಡ ಇದು. 1903ರ ಫೈನಲ್‌ನಲ್ಲಿ ಡರ್ಬಿ ಕೌಂಟಿಯನ್ನು 6-0ಯಿಂದ ಸೋಲಿಸಿತು. ಫೈನಲ್‌ನಲ್ಲಿ ಆ ಅಂತರವನ್ನು ಇನ್ನೊಂದು ತಂಡ ಸರಿಗಟ್ಟಲು 2019ರವರೆಗೆ ಕಾಯಬೇಕಾಯಿತು. ಸರಿಗಟ್ಟಿದ್ದು ಮ್ಯಾಂಚೆಸ್ಟರ್ ಸಿಟಿ. ಅದು ಮೇ ತಿಂಗಳ ಮಾತು. ಅದೇ ವರ್ಷದ ಆಗಸ್ಟ್‌ನಲ್ಲಿ ಬೆರಿ ಕ್ಲಬ್ ಇಲ್ಲವಾಯಿತು.

ಇಲ್ಲವಾದದ್ದು ಸೋತು ಅಲ್ಲ. 2019ರ ಏಪ್ರಿಲ್ ಕೊನೆಯಲ್ಲಿ ತಂಡ ಇಂಗ್ಲೆಂಡಿನ ಫುಟ್‌ಬಾಲ್ ಏಣಿಯ ನಾಲ್ಕನೇ ದರ್ಜೆಯಿಂದ ಮೂರನೇ ದರ್ಜೆಗೆ ಬಡ್ತಿ ಪಡೆದಿತ್ತು. ಆ ಹೊತ್ತಿಗಾಗಲೇ ಸಂಬಳ ನಿಂತಿತ್ತು. ಆಟಗಾರರು, ಕಚೇರಿಯವರು, ಹುಲ್ಲು ನೋಡಿಕೊಳ್ಳುವವರು, ಎಲ್ಲರೂ ಕೈಗೆ ಕಾಸಿಲ್ಲದೆ ಕೆಲಸ ಮಾಡುತ್ತಿದ್ದರು. ಬರುವ ಆದಾಯಕ್ಕೆ ಮೀರಿದ ಸಂಬಳ ಕೊಟ್ಟು ಮೇಲೇರುವ ಆಸೆ ಹಲವು ವರ್ಷಗಳಿಂದ ನಡೆದಿತ್ತು. ಮೈದಾನವನ್ನು ಅಡವಿಟ್ಟು ಸಾಲ ತಂದಿದ್ದರು. ಪಾರ್ಕಿಂಗ್ ಜಾಗವನ್ನೂ ತುಂಡು ತುಂಡಾಗಿ ಹೂಡಿಕೆದಾರರಿಗೆ ಮಾರಿದ್ದರು. 2018ರ ಡಿಸೆಂಬರ್‌ನಲ್ಲಿ ಸ್ಟೀವ್ ಡೇಲ್ ಎಂಬ ಉದ್ಯಮಿ ಇಡೀ ಕ್ಲಬ್ಬನ್ನು ಒಂದು ಪೌಂಡಿಗೆ ಕೊಂಡರು. ಆಗ ಒಂದು ಪೌಂಡಿಗೆ ಇಲ್ಲಿಯ ಸಂತೆಯಲ್ಲಿ ಒಂದು ಕಟ್ಟು ಕೊತ್ತಂಬರಿ ಬರುತ್ತಿತ್ತು. ಬೆರಿಯಲ್ಲಿ ಒಂದು ಫುಟ್‌ಬಾಲ್ ತಂಡವಿದೆ ಎಂಬುದೇ ತನಗೆ ಗೊತ್ತಿರಲಿಲ್ಲ ಎಂದು ಮುಂದೆ ರೇಡಿಯೊದಲ್ಲಿ ಅವರೇ ಹೇಳಿದರು. ಪಕ್ಕದ ಮನೆಯ ಅಜ್ಜ ಆ ಮಾತು ಕೇಳಿದ ದಿನ ನಮ್ಮ ಅಡುಗೆಮನೆಗೆ ಬಂದು ಚಹಾ ಮುಗಿಯುವವರೆಗೂ ಏನೂ ಮಾತಾಡದೆ ಕೂತಿದ್ದರು.

ಕ್ಲಬ್ಬಿನಿಂದ ಹಣ ಬರಬೇಕಿದ್ದವರ ಜೊತೆ ಜುಲೈನಲ್ಲಿ ಒಂದು ಒಪ್ಪಂದವಾಯಿತು. ಇದರ ಒಳಗುಟ್ಟು ನನಗೆ ತಡವಾಗಿ ತಿಳಿಯಿತು, ಈಗಲೂ ಮನಸ್ಸಿಗೆ ಒಪ್ಪುವುದಿಲ್ಲ. ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಕ್ಲಬ್ ಪಾಪರಾದರೆ ಆಟಗಾರರ ಬಾಕಿ, ಬೇರೆ ಕ್ಲಬ್‌ಗಳ ಬಾಕಿ ಪೂರ್ತಿ ತೀರಬೇಕು. ಉಳಿದವರಿಗೆ ಸಿಕ್ಕಷ್ಟು. ಬೆರಿಯ ಒಪ್ಪಂದದಲ್ಲಿ ಆ ಉಳಿದವರ ಪಾಲು ಪೌಂಡಿಗೆ 25 ಪೆನ್ಸ್, ಅಂದರೆ ಬಾಕಿಯ ಕಾಲು ಭಾಗ, ಎಂದು ಬರೆದಿತ್ತು. ಉಳಿದವರು ಯಾರು? ತೆರಿಗೆ ಇಲಾಖೆ ಇದೆ, ಸರಿ. ಜೊತೆಗೆ ಸರಕು ಕೊಟ್ಟ, ರಿಪೇರಿ ಮಾಡಿದ, ಊರಿನವರದೇ ಕ್ಲಬ್ ಎಂದು ನಂಬಿ ಉದ್ದರಿ ಬರೆದುಕೊಂಡ ಸಣ್ಣವರೂ ಇದ್ದರು. ಅವರಾರೂ ತಂಡ ಬಡ್ತಿ ಪಡೆಯಲಿ ಎಂದು ಯಾರಿಗೂ ದುಬಾರಿ ಸಂಬಳ ಕೊಟ್ಟವರಲ್ಲ.

ಆಗಸ್ಟ್ 27, ಮಂಗಳವಾರ. ಸಂಜೆ ಐದರೊಳಗೆ ಹೊಸ ಖರೀದಿದಾರರು ಸಿಗಬೇಕು, ಇಲ್ಲದಿದ್ದರೆ ಇಂಗ್ಲಿಷ್ ಫುಟ್‌ಬಾಲ್ ಲೀಗ್‌ನಿಂದ ಉಚ್ಚಾಟನೆ ಎಂದು ಗಡುವು ಕೊಟ್ಟಿದ್ದರು. ಬೆಳಿಗ್ಗೆ ಒಂದು ಆಸೆ ಇತ್ತು. ಶನಿವಾರ ಪಂದ್ಯ ನಡೆಯಬಹುದೆಂದು ನೂರಾರು ಜನ ಪೊರಕೆ, ಬಕೆಟ್ಟು, ಬಟ್ಟೆ ಹಿಡಿದು ಗಿಗ್ ಲೇನ್‌ಗೆ ಹೋದರು. ನನಗೆ ಅಂದು ರಜೆ. ಅಜ್ಜನ ಜೊತೆ ನಾನೂ ಹೋದೆ. ನಾನು ಆ ಮೈದಾನದೊಳಗೆ ಕಾಲಿಟ್ಟದ್ದು ಅದೇ ಮೊದಲು, ಅದೂ ಕುರ್ಚಿ ಒರೆಸಲು. ನೀಲಿ ಕುರ್ಚಿಗಳ ಮೇಲೆ ಪಾರಿವಾಳದ ಹಿಕ್ಕೆ ಒಣಗಿ ಅಂಟಿತ್ತು. ಒಬ್ಬ ಹುಡುಗ ತನ್ನ ಕುರ್ಚಿಯ ಸಂಖ್ಯೆ ಹುಡುಕಿ ಅದೊಂದನ್ನೇ ಮೂರು ಸಲ ತೊಳೆದ. ಮಧ್ಯಾಹ್ನದ ಹೊತ್ತಿಗೆ ಖರೀದಿಸಬೇಕಿದ್ದ ಕಂಪನಿ ಹಿಂದೆ ಸರಿಯಿತೆಂಬ ಸುದ್ದಿ ಬಂತು. ಆದರೂ ಕೆಲವರು ಒರೆಸುವುದನ್ನು ನಿಲ್ಲಿಸಲಿಲ್ಲ.

ರಾತ್ರಿ ತೀರ್ಮಾನ ಹೊರಬಿತ್ತು. 1894ರಿಂದ, ಅಂದರೆ 125 ವರ್ಷ, ಲೀಗ್‌ನಲ್ಲಿದ್ದ ಬೆರಿಯ ಸದಸ್ಯತ್ವ ರದ್ದು. 1992ರಲ್ಲಿ ಮೇಡ್‌ಸ್ಟೋನ್ ಕ್ಲಬ್ ಹೊರಬಿದ್ದ ಮೇಲೆ ಲೀಗ್ ಹೀಗೆ ಒಂದು ಕ್ಲಬ್ಬನ್ನು ಕಳೆದುಕೊಂಡದ್ದು ಇದೇ ಮೊದಲು. ಮೂರನೇ ದರ್ಜೆಯ 24 ತಂಡಗಳಲ್ಲಿ 23 ಉಳಿದವು. ಅಂದಿನ ವಾರವೇ ಪಕ್ಕದೂರಿನ ಬೋಲ್ಟನ್ ಕ್ಲಬ್ ಅದೇ ಬಾವಿಯ ಅಂಚಿನಿಂದ ಕೂದಲೆಳೆಯಲ್ಲಿ ಪಾರಾಯಿತು. ಬೆರಿಗೆ ಆ ಅದೃಷ್ಟ ಇರಲಿಲ್ಲ.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಫುಟ್‌ಬಾಲ್ ಬಗ್ಗೆ ಅಪ್ಪನಿಗೆ ಏನೂ ಗೊತ್ತಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೂಗು ನಿಂತಂಗಾತು ಅನ್ನು” ಎಂದರು. ಮಿಲ್ಲಿನ ಕೂಗು ಎಂದರೆ ಏನೆಂದು ದಾವಣಗೆರೆಯ ಹಳಬರಿಗೆ ವಿವರಿಸಬೇಕಿಲ್ಲ. ಬೆಳಗಿನ ಪಾಳಿಯ ಕೂಗಿಗೆ ಅವ್ವ ಒಲೆ ಹಚ್ಚುತ್ತಿದ್ದಳು, ಸಂಜೆಯ ಕೂಗಿಗೆ ನಾವು ಆಟ ನಿಲ್ಲಿಸುತ್ತಿದ್ದೆವು. ಮಿಲ್ಲಿಗೂ ನಮಗೂ ಸಂಬಂಧವೇ ಇಲ್ಲ ಅನ್ನುವವರ ಮನೆಯ ಗಡಿಯಾರವೂ ಅದರ ಮೇಲೇ ನಡೆಯುತ್ತಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪನ ಮಿಲ್ಲು ಮುಚ್ಚಿತು. ಸಂಬಳ ಹೋದದ್ದು ಎಲ್ಲರಿಗೂ ಕಾಣುವ ನಷ್ಟ. ಅಪ್ಪ ಮಾತ್ರ ಒಂದು ವರ್ಷ ಪಾಳಿಯ ಹೊತ್ತಿಗೆ ಸರಿಯಾಗಿ ಎದ್ದು, ಷರ್ಟು ಹಾಕಿಕೊಂಡು, ಕಟ್ಟೆಯ ಮೇಲೆ ಕೂರುತ್ತಿದ್ದರು. ಹೋಗಲು ಜಾಗವಿರಲಿಲ್ಲ.

ಬೆರಿಯಲ್ಲಿ ನಾನು ಕಂಡದ್ದು ಅದನ್ನೇ. ಶನಿವಾರ ಎರಡು ಗಂಟೆಗೆ ಅಜ್ಜ ಬಾಗಿಲು ತೆರೆದು ಹೊರಗೆ ಬರುತ್ತಿದ್ದರು. ಗೇಟಿನ ತನಕ ಹೋಗಿ, ಬೀದಿಯ ಆಚೆ ಈಚೆ ನೋಡಿ, ಒಳಗೆ ಹೋಗುತ್ತಿದ್ದರು. ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಹೆಂಡತಿ ತೀರಿ ಹೋಗಿ ಬಹಳ ವರ್ಷವಾಗಿತ್ತು. ನಲವತ್ತು ವರ್ಷ ಒಂದೇ ಸಾಲಿನಲ್ಲಿ ಕೂತ ನಾಲ್ವರು ಗೆಳೆಯರಿದ್ದರು. ಒಬ್ಬರ ಮನೆ ಇನ್ನೊಬ್ಬರಿಗೆ ಗೊತ್ತಿಲ್ಲ, ಫೋನ್ ನಂಬರೂ ಇಲ್ಲ. ಬೇಕಾಗಿಯೇ ಇರಲಿಲ್ಲ, ಶನಿವಾರ ಹೇಗೂ ಸಿಗುತ್ತಾರಲ್ಲ! ಕ್ಲಬ್ ಹೋದ ಮೇಲೆ ಅವರಲ್ಲಿ ಒಬ್ಬರು ತೀರಿಕೊಂಡದ್ದು ಅಜ್ಜನಿಗೆ ಗೊತ್ತಾದದ್ದು ಎಂಟು ತಿಂಗಳ ನಂತರ, ಸಂತೆಯಲ್ಲಿ. “ಮ್ಯಾಂಚೆಸ್ಟರ್‌ನಲ್ಲಿ ಎರಡು ದೊಡ್ಡ ತಂಡಗಳಿವೆಯಲ್ಲ, ಅಲ್ಲಿಗೆ ಹೋಗಿ” ಎಂದು ನನ್ನ ಆಫೀಸಿನಲ್ಲಿ ಎಷ್ಟೋ ಜನ ಸಲೀಸಾಗಿ ಹೇಳುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಊರ ದೇವಸ್ಥಾನ ಬಿದ್ದರೆ ಪಕ್ಕದೂರಿನದು ದೊಡ್ಡದಿದೆ ಹೋಗು ಎಂದಂತೆ ಅದು.

ಅಜ್ಜನ ತಂದೆಯ ಚಿತಾಭಸ್ಮವನ್ನು ಗೋಲ್ ಪೆಟ್ಟಿಗೆಯ ಹಿಂದಿನ ಹುಲ್ಲಿನಲ್ಲಿ ಹಾಕಿದ್ದರಂತೆ. ಗೇಟಿಗೆ ಬೀಗ ಬಿತ್ತು, ಒಳಗೆ ಹುಲ್ಲು ಮೊಳಕಾಲುದ್ದ ಬೆಳೆಯಿತು.

ಮಕ್ಕಳ ಕಥೆ ಬೇರೆ. ಕ್ಲಬ್ಬಿನ ತರಬೇತಿ ಶಾಲೆಯೂ ಮುಚ್ಚಿದ್ದರಿಂದ ಆಟಗಾರರಾಗುವ ಕನಸಿನಲ್ಲಿದ್ದ ಹುಡುಗರು ಒಂದೇ ರಾತ್ರಿಯಲ್ಲಿ ಬೇರೆ ಕ್ಲಬ್ ಹುಡುಕಬೇಕಾಯಿತು. ಮೈದಾನದ ಹಾದಿಯ ಚಿಪ್ಸ್ ಅಂಗಡಿಯಾಕೆ, ಪಂದ್ಯದ ಶನಿವಾರಗಳ ವ್ಯಾಪಾರ ಲೆಕ್ಕಕ್ಕೆ ಹಿಡಿದೇ ಬಾಡಿಗೆ ಒಪ್ಪಿಕೊಂಡಿದ್ದೆ ಎಂದು ನನ್ನ ಹತ್ತಿರ ಹೇಳಿಕೊಂಡಳು. ಆಮೇಲೆ ಕೋವಿಡ್ ಬಂತು.

ಇಷ್ಟರಲ್ಲಿ ಅಭಿಮಾನಿಗಳು ಸುಮ್ಮನೆ ಕೂತಿರಲಿಲ್ಲ. ಒಂದು ಗುಂಪು ಬೆರಿ ಎಎಫ್‌ಸಿ ಎಂಬ ಹೊಸ ತಂಡ ಕಟ್ಟಿತು. ಮೂರನೇ ಮೆಟ್ಟಿಲಿನಲ್ಲಿದ್ದ ಊರು ಹತ್ತನೇ ಮೆಟ್ಟಿಲಿನಿಂದ ಶುರು ಮಾಡಿತು, ಅದೂ ಹತ್ತಿರದ ರ‍್ಯಾಡ್‌ಕ್ಲಿಫ್‌ನ ಮೈದಾನವನ್ನು ಹಂಚಿಕೊಂಡು. ಇನ್ನೊಂದು ಗುಂಪಿಗೆ ಹಳೆಯ ಕ್ಲಬ್ಬನ್ನೂ ಗಿಗ್ ಲೇನ್ ಅನ್ನೂ ಬಿಟ್ಟುಕೊಡುವುದು ಬೇಡವಾಗಿತ್ತು. ನಮ್ಮ ಬೀದಿಯೇ ಎರಡು ಪಾಲಾಯಿತು. ಎದುರು ಮನೆಯವರು ರ‍್ಯಾಡ್‌ಕ್ಲಿಫ್‌ಗೆ ಹೋದರು. ಅಜ್ಜ ಹೋಗಲಿಲ್ಲ. “ಅದು ನನ್ನ ಬೆರಿ ಅಲ್ಲ” ಎಂದರು. ಮೂವತ್ತು ವರ್ಷ ಜೊತೆಯಲ್ಲಿ ಮೈದಾನಕ್ಕೆ ನಡೆದವರು ರಸ್ತೆಯಲ್ಲಿ ಎದುರಾದರೆ ಮುಖ ತಿರುಗಿಸುವಂತಾಯಿತು. ದಿವಾಳಿಯ ಲೆಕ್ಕಪತ್ರದಲ್ಲಿ ಈ ನಷ್ಟಕ್ಕೆ ಕಾಲಂ ಇಲ್ಲ, ಆದರೆ ನನ್ನ ಕಣ್ಣಿಗೆ ಎಲ್ಲಕ್ಕಿಂತ ಕೆಟ್ಟದ್ದಾಗಿ ಕಂಡದ್ದು ಇದೇ. ತಪ್ಪು ಮಾಡಿದವರು ಬೇರೆ ಯಾರೋ, ಜಗಳವಾಡಿದವರು ಕುರ್ಚಿ ಒರೆಸಿದವರು.

2022ರ ಫೆಬ್ರವರಿಯಲ್ಲಿ ಅಭಿಮಾನಿಗಳ ಸಂಘವೊಂದು ಗಿಗ್ ಲೇನ್ ಅನ್ನು ಕೊಂಡುಕೊಂಡಿತು. ಸರ್ಕಾರದ ಸಮುದಾಯ ನಿಧಿಯಿಂದ ಹತ್ತು ಲಕ್ಷ ಪೌಂಡ್ ಬಂದಿತ್ತು, ದಾನಿಗಳ ನೆರವೂ ಇತ್ತು. ಹಳೆಯ ಕ್ಲಬ್ಬಿನ ಹೆಸರೂ ಅದರೊಂದಿಗೆ ಬಂತು. ಈಗ ಒಂದು ಕಡೆ ಮೈದಾನವಿದೆ ತಂಡವಿಲ್ಲ, ಇನ್ನೊಂದು ಕಡೆ ತಂಡವಿದೆ ಮೈದಾನವಿಲ್ಲ. ಎರಡೂ ಸೇರಬೇಕೆಂದು ಆ ವರ್ಷ ಮತಕ್ಕೆ ಹಾಕಿದಾಗ ಬೇಕಿದ್ದ ಬಹುಮತ ಸ್ವಲ್ಪದರಲ್ಲಿ ತಪ್ಪಿತು. ಅಂದು ನಾನೂ ಅತ್ತೆ. ಮತ್ತೆ ಮಾತುಕತೆ, ಮತ್ತೆ ಮನೆ ಮನೆಗೆ ಹೋಗಿ ಮನವೊಲಿಸುವುದು. 2023ರ ಮೇ ತಿಂಗಳಲ್ಲಿ ಎರಡನೇ ಮತದಾನ ಗೆದ್ದಿತು. ಆ ವರ್ಷದ ಹೊಸ ಸೀಸನ್‌ನಲ್ಲಿ ಬೆರಿ ಎಫ್‌ಸಿ ಎಂಬ ಹಳೆಯ ಹೆಸರಿನಲ್ಲೇ ಗಿಗ್ ಲೇನ್‌ನಲ್ಲಿ ಆಟ ಶುರುವಾಯಿತು. ಹತ್ತನೇ ಮೆಟ್ಟಿಲಿನ ತಂಡ ಆ ಹೊತ್ತಿಗೆ ಒಂಬತ್ತನೆಯದಕ್ಕೆ ಏರಿತ್ತು. ಒಂಬತ್ತನೇ ದರ್ಜೆಯ ಪಂದ್ಯಕ್ಕೆ ಸಾಮಾನ್ಯವಾಗಿ ಬರುವವರು ಕೆಲವು ನೂರು ಜನ. ಇಲ್ಲಿ ಮೂರು ಸಾವಿರ ದಾಟಿ ಬರತೊಡಗಿದರು. 2025ರಲ್ಲಿ ಆ ಲೀಗ್ ಗೆದ್ದು ಎಂಟನೇ ದರ್ಜೆಗೆ ಏರಿದರು.

ಬೆರಿಗಾದದ್ದು ಲಂಡನ್‌ನ ಸಂಸತ್ತಿನವರೆಗೂ ಮುಟ್ಟಿತು. ಆಗಿನ ಸಂಸದೆ ಟ್ರೇಸಿ ಕ್ರೌಚ್ ನೇತೃತ್ವದಲ್ಲಿ ನಡೆದ ಫುಟ್‌ಬಾಲ್ ಆಡಳಿತದ ಪರಿಶೀಲನೆ 2021ರಲ್ಲಿ ವರದಿ ಕೊಟ್ಟಿತು. 2025ರ ಜುಲೈನಲ್ಲಿ ಫುಟ್‌ಬಾಲ್ ಆಡಳಿತ ಮಸೂದೆ ಕಾನೂನಾಯಿತು. ಮೇಲಿನ ಐದು ದರ್ಜೆಯ ಕ್ಲಬ್‌ಗಳಿಗೆ ಸ್ವತಂತ್ರ ನಿಯಂತ್ರಕರ ಪರವಾನಗಿ ಬೇಕು, ಕೊಳ್ಳುವವರ ಹಣದ ಮೂಲ ಪರೀಕ್ಷೆಯಾಗಬೇಕು, ಮೈದಾನ ಮಾರಲು ಒಪ್ಪಿಗೆ ಬೇಕು. ಕಾನೂನು ಬಂದಾಗ ಬೆರಿ ಎಂಟನೇ ದರ್ಜೆಯಲ್ಲಿದ್ದುದರಿಂದ ಅದರ ನೆರಳು ಬೆರಿಗೇ ತಾಗಲಿಲ್ಲ. ಅಜ್ಜನಿಗೆ ಇದನ್ನು ಹೇಳಿದೆ. “ಬೇರೆಯವರಿಗಾದರೂ ಆಯಿತಲ್ಲ” ಎಂದರು.

2023ರಲ್ಲಿ ಗೇಟು ತೆರೆದ ಮೊದಲ ಶನಿವಾರ ಅಜ್ಜ ಒಂದು ಗಂಟೆಗೇ ನಮ್ಮ ಬಾಗಿಲು ತಟ್ಟಿದರು. ಎಂಬತ್ತು ದಾಟಿದ್ದರು, ಕೋಲು ಬಂದಿತ್ತು. ಎದುರು ಮನೆಯವರು ಗೇಟಿನ ಹತ್ತಿರ ನಿಂತು ಕಾಯುತ್ತಿದ್ದರು. ಯಾರೂ ಏನೂ ಹೇಳಲಿಲ್ಲ, ಎದುರು ಮನೆಯಾತ ಅಜ್ಜನ ಇನ್ನೊಂದು ತೋಳು ಹಿಡಿದುಕೊಂಡ. ಮೈದಾನದಲ್ಲಿ ಹಳೆಯ ಸಾಲಿಗೆ ಹೋದೆವು. ನಾಲ್ವರಲ್ಲಿ ಇಬ್ಬರು ಬಂದಿದ್ದರು. ಪಂದ್ಯ ಶುರುವಾಗುವ ಮುಂಚೆ ಅಜ್ಜ ನಿಧಾನವಾಗಿ ಗೋಲ್ ಪೆಟ್ಟಿಗೆಯ ಹಿಂದಿನ ಕಟಕಟೆಯ ತನಕ ನಡೆದು, ಟೊಪ್ಪಿಗೆ ತೆಗೆದು ನಿಂತು ಬಂದರು.

ಸಂಜೆ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಗೆದ್ದರೋ ಸೋತರೋ ಎಂದು ಅಪ್ಪ ಕೇಳಲಿಲ್ಲ.

“ಎಷ್ಟ್ ಜನ ಬಂದಿದ್ರು?” ಎಂದು ಕೇಳಿದರು.