ಬಕೆಟ್ ಪಾಲಿಸಿಗೆ ಒಂದು ಸಾಲು ಸೇರಿಸುವಾಗ

ಗೂಗಲ್ ಕ್ಲೌಡ್ ಸ್ಟೋರೇಜ್‌ನಲ್ಲಿ ನಲವತ್ತು ಬಕೆಟ್‌ಗಳು, ಅಂದರೆ ಫೈಲ್ ಇಡುವ ಡಬ್ಬಗಳು. ವರದಿ ತಯಾರಿಸುವ ಒಂದು ಸರ್ವಿಸ್ ಅಕೌಂಟ್‌ಗೆ (ಮನುಷ್ಯರಲ್ಲ, ಪ್ರೋಗ್ರಾಂ ಬಳಸುವ ಖಾತೆ) ಅವುಗಳೊಳಗಿನ ಫೈಲ್ ಓದುವ ಅನುಮತಿ ಬೇಕು, ಅದೂ ತಿಂಗಳ ಕೊನೆಯವರೆಗೆ ಮಾತ್ರ. ಒಂದೇ ಬಕೆಟ್ ಆಗಿದ್ದರೆ ಕನ್ಸೋಲ್‌ನಲ್ಲೇ ಮುಗಿಯುತ್ತಿತ್ತು. ನಲವತ್ತಕ್ಕೆ ಪೈಥಾನ್ ಕ್ಲೈಂಟ್ ಲೈಬ್ರರಿಯೇ ಸರಿ.

ಕೆಲಸಕ್ಕೆ ಕೂತ ಕೂಡಲೇ ಗಮನಕ್ಕೆ ಬರುವುದು: ಬಕೆಟ್‌ಗೆ ‘ಇವರಿಗೆ ಈ ಅನುಮತಿ ಸೇರಿಸು’ ಎನ್ನುವ ಕರೆಯೇ (ಎಪಿಐ ಕಾಲ್) ಇಲ್ಲ. ಯಾರಿಗೆ ಯಾವ ಅನುಮತಿ ಎಂಬ ಪೂರ್ತಿ ಪಟ್ಟಿಯೇ ಬಕೆಟ್‌ನ ಐಎಎಂ ಪಾಲಿಸಿ, ಅದರ ಬದಲಾವಣೆಗೆ ಇರುವುದು ಎರಡು ಕರೆಗಳು. ಗೆಟ್ ಐಎಎಂ ಪಾಲಿಸಿ ಇಡೀ ಪಾಲಿಸಿಯನ್ನು ತಂದುಕೊಡುತ್ತದೆ, ಸೆಟ್ ಐಎಎಂ ಪಾಲಿಸಿ ನೀವು ಕೊಟ್ಟದ್ದನ್ನು ಹಳೆಯದರ ಜಾಗದಲ್ಲಿ ಇಡುತ್ತದೆ. ಹೊಸ ಪಾಲಿಸಿ ಆಬ್ಜೆಕ್ಟ್ ಮಾಡಿ, ಅದರಲ್ಲಿ ಒಂದೇ ಬೈಂಡಿಂಗ್ (ಯಾವ ರೋಲ್, ಅಂದರೆ ಅನುಮತಿಗಳ ಗುಂಪು, ಯಾರಿಗೆ ಎಂಬ ಸಾಲು) ಇಟ್ಟು ಕಳಿಸಿದರೆ ಉಳಿದ ಬೈಂಡಿಂಗ್‌ಗಳೆಲ್ಲ ಅಳಿದುಹೋಗುತ್ತವೆ. ಬಕೆಟ್ ಹುಟ್ಟುವಾಗಲೇ ಪ್ರಾಜೆಕ್ಟ್ ಓನರ್, ಎಡಿಟರ್‌ಗಳ ಹೆಸರಿನಲ್ಲಿ ಬರುವ ಲೆಗಸಿ ರೋಲ್‌ಗಳೂ ಹೀಗೆ ಅಳಿಯುವುದರಲ್ಲಿ ಸೇರಿರುತ್ತವೆ. ಸಾಮಾನ್ಯವಾಗಿ ಎರರ್ ಏನೂ ಬರುವುದಿಲ್ಲ. ಯಾವುದೋ ಬೇರೆ ಕೆಲಸ 403 (ಅನುಮತಿ ಇಲ್ಲ) ಎರರ್ ಕೊಟ್ಟು ನಿಂತಾಗಲೇ ಅದು ಗೊತ್ತಾಗುವುದು. ಆದ್ದರಿಂದ ಮೊದಲ ಕರೆಗೂ ಮುಂಚೆ ನಲವತ್ತೂ ಪಾಲಿಸಿಗಳನ್ನು ಜೇಸನ್ ಫೈಲ್‌ಗಳಾಗಿ ಉಳಿಸಿಕೊಳ್ಳಿ. ಈ ಹತ್ತು ನಿಮಿಷವನ್ನು ಬಿಡಲೇಬಾರದು.

ಓದುವಾಗ ರಿಕ್ವೆಸ್ಟೆಡ್ ಪಾಲಿಸಿ ವರ್ಷನ್ 3 ಎಂದೇ ಕೇಳಬೇಕು. ಕಂಡಿಷನ್ (ಇಂಥ ದಿನದವರೆಗೆ ಎಂಬಂಥ ಷರತ್ತು) ಇರುವ ಬೈಂಡಿಂಗ್‌ಗಳು ಪೂರ್ತಿಯಾಗಿ ಕಾಣುವುದು ಆಗ ಮಾತ್ರ. ಹಾಗೆ ಕೇಳದಿದ್ದರೆ ಕಂಡಿಷನ್ ಕಾಣೆಯಾಗಿ, ರೋಲ್ ಹೆಸರಿನ ಬಾಲಕ್ಕೆ ‘ವಿತ್‌ಕಂಡ್’ ಎಂಬ ಗುರುತೂ ಒಂದು ಹ್ಯಾಶೂ ಅಂಟಿಕೊಂಡು ಬರುತ್ತವೆ. ಆ ಹೆಸರನ್ನು ಹೊಸ ರೋಲ್ ಎಂದುಕೊಂಡು ತಿದ್ದಲು ಹೋಗಬೇಡಿ, ವರ್ಷನ್ ಸರಿಮಾಡಿ ಮತ್ತೆ ಓದಿ. ವಾಪಸ್ ಬರೆಯುವ ಮುನ್ನ ಪಾಲಿಸಿಯ ವರ್ಷನ್ ಕ್ಷೇತ್ರಕ್ಕೂ 3 ಹಾಕಬೇಕು. ಪಾಲಿಸಿಯನ್ನು ಡಿಕ್ಷನರಿಯಂತೆ, ರೋಲ್ ಹೆಸರನ್ನೇ ಕೀ ಮಾಡಿ ಬಳಸುವ ಹಳೆಯ ಉದಾಹರಣೆಗಳು ಇಲ್ಲಿ ಎಕ್ಸೆಪ್ಷನ್ ಕೊಡುತ್ತವೆ. ಬೈಂಡಿಂಗ್ಸ್ ಲಿಸ್ಟ್‌ಗೇ ಅಪೆಂಡ್ ಮಾಡಬೇಕು: ರೋಲ್ ಸ್ಟೋರೇಜ್ ಆಬ್ಜೆಕ್ಟ್ ವ್ಯೂವರ್, ಮೆಂಬರ್ಸ್‌ನಲ್ಲಿ ‘ಸರ್ವಿಸ್‌ಅಕೌಂಟ್’ ಪೂರ್ವಪದದೊಂದಿಗೆ ಇಮೇಲ್, ಆಮೇಲೆ ಕಂಡಿಷನ್.

ಕಂಡಿಷನ್‌ನಲ್ಲಿ ಕೋರಿಕೆಯ ಸಮಯ ಇಂತಿಷ್ಟಕ್ಕಿಂತ ಕಡಿಮೆ ಇರಬೇಕು ಎಂದು ಬರೆಯುತ್ತೇವೆ. ಟೈಮ್‌ಸ್ಟ್ಯಾಂಪ್ ಕೊನೆಯಲ್ಲಿ ಝಡ್ ಇದ್ದರೆ ಅದು ಯುಟಿಸಿ, ನಿಮ್ಮ ಗಡಿಯಾರದ ಮಧ್ಯರಾತ್ರಿಯಲ್ಲ. ಬಕೆಟ್‌ನಲ್ಲಿ ಯೂನಿಫಾರ್ಮ್ ಬಕೆಟ್ ಲೆವೆಲ್ ಆಕ್ಸೆಸ್ (ಒಂದೊಂದು ಫೈಲಿಗೆ ಬೇರೆ ಬೇರೆ ಅನುಮತಿಯಿಲ್ಲದೆ ಇಡೀ ಬಕೆಟ್‌ಗೆ ಒಂದೇ ಪಾಲಿಸಿ) ಚಾಲೂ ಇಲ್ಲದಿದ್ದರೆ ಕಂಡಿಷನ್ ಹಾಕಲಾಗದು. ಓನರ್, ಎಡಿಟರ್, ವ್ಯೂವರ್ ಎಂಬ ಮೂರು ಬೇಸಿಕ್ ರೋಲ್‌ಗಳಿಗೂ ‘ಆಲ್‌ಯೂಸರ್ಸ್’ಗೂ (ಅಂದರೆ ಯಾರಿಗೆ ಬೇಕಾದರೂ) ಕಂಡಿಷನ್ ನಡೆಯುವುದಿಲ್ಲ.

ಇನ್ನು ಈಟ್ಯಾಗ್. ಈ ಇಡೀ ವ್ಯವಸ್ಥೆ ನಿಂತಿರುವುದೇ ಅದರ ಮೇಲೆ ಎಂಬುದು ನನ್ನ ಖಚಿತ ಅಭಿಪ್ರಾಯ. ಓದಿದ ಪಾಲಿಸಿಯ ಜೊತೆ ಬರುವ ಈ ಗುರುತನ್ನು ಹಾಗೇ ವಾಪಸ್ ಕಳಿಸಬೇಕು. ನಡುವೆ ಬೇರೆ ಯಾರಾದರೂ ಪಾಲಿಸಿ ಬದಲಿಸಿದ್ದರೆ ಗುರುತು ಹೊಂದದೆ ಬರಹ ತಿರಸ್ಕೃತವಾಗುತ್ತದೆ: ಸ್ಟೋರೇಜ್‌ನಲ್ಲಿ 412 ಎರರ್, ಪ್ರಾಜೆಕ್ಟ್ ಮಟ್ಟದ ಪಾಲಿಸಿಯಲ್ಲಿ 409. ಗುರುತನ್ನೇ ಬಿಟ್ಟು ಕಳಿಸಿದರೆ ಅವರ ಬದಲಾವಣೆಯ ಮೇಲೆ ನಿಮ್ಮದು ಕೂತುಬಿಡುತ್ತದೆ. ತಿರಸ್ಕೃತವಾದಾಗ ಅದೇ ಪಾಲಿಸಿಯನ್ನು ಮತ್ತೆ ಮತ್ತೆ ಕಳಿಸುವ ಲೂಪ್ ಬರೆಯುವುದು ಸಾಮಾನ್ಯ ತಪ್ಪು. ಗುರುತು ಹಳತಾಗಿರುವುದರಿಂದ ಅದು ಎಂದಿಗೂ ಗೆಲ್ಲುವುದಿಲ್ಲ. ಓದು, ತಿದ್ದು, ಬರೆ, ಮೂರೂ ಒಂದೇ ಫಂಕ್ಷನ್‌ನೊಳಗಿದ್ದು, ರಿಟ್ರೈ ಆ ಫಂಕ್ಷನ್‌ನ ಹೊರಗೆ ಇರಬೇಕು. ಪ್ರತಿ ಬಾರಿ ಕಾಯುವ ಅವಧಿಯೂ ದುಪ್ಪಟ್ಟಾಗಲಿ.

ಸರ್ವಿಸ್ ಅಕೌಂಟನ್ನು ಆಗಷ್ಟೇ ಸೃಷ್ಟಿಸಿದ್ದರೆ ‘ಅಂಥ ಅಕೌಂಟ್ ಇಲ್ಲ’ ಎಂಬ 400 ಎರರ್ ಬರಬಹುದು. ಹೆಸರು ತಪ್ಪಿಲ್ಲವೇ ನೋಡಿ, 60 ಸೆಕೆಂಡಾದರೂ ಬಿಟ್ಟು ಮತ್ತೆ ನಡೆಸಿ.

ಬರೆದ ಮೇಲೆ ಅನುಮತಿ ತಕ್ಷಣ ಸಿಗುವುದಿಲ್ಲ. ಸಾಮಾನ್ಯವಾಗಿ 2 ನಿಮಿಷ, ಕೆಲವೊಮ್ಮೆ 7 ನಿಮಿಷ ಅಥವಾ ಇನ್ನೂ ಹೆಚ್ಚು. ಅಷ್ಟರೊಳಗೆ ಗಾಬರಿಯಾಗಿ ದೊಡ್ಡ ರೋಲ್ ಕೊಟ್ಟುಬಿಡುವವರಿದ್ದಾರೆ, ಆಮೇಲೆ ಅದನ್ನು ತೆಗೆಯಲು ಯಾರಿಗೂ ನೆನಪಿರುವುದಿಲ್ಲ. ಪರೀಕ್ಷಿಸಲು ಟೆಸ್ಟ್ ಐಎಎಂ ಪರ್ಮಿಷನ್ಸ್ ಎಂಬ ಕರೆಯಿದೆ. ಅದು ಹೇಳುವುದು ಕರೆ ಮಾಡಿದವರ ಅನುಮತಿಯನ್ನು. ಅಡ್ಮಿನ್ ಕ್ರೆಡೆನ್ಷಿಯಲ್‌ನಿಂದ ಕರೆದರೆ ಸರ್ವಿಸ್ ಅಕೌಂಟ್ ಬಗ್ಗೆ ಏನೂ ತಿಳಿಯದು. ಆ ಅಕೌಂಟನ್ನು ಇಂಪರ್ಸನೇಟ್ ಮಾಡಿ, ಅಂದರೆ ಅದರ ಗುರುತಿನಲ್ಲೇ, ಕರೆಯಬೇಕು, ಅದಕ್ಕೆ ಸರ್ವಿಸ್ ಅಕೌಂಟ್ ಟೋಕನ್ ಕ್ರಿಯೇಟರ್ ರೋಲ್ ಬೇಕು.

ತಿಂಗಳು ಮುಗಿದ ಮೇಲೆ ಅನುಮತಿ ತಾನೇ ನಿಲ್ಲುತ್ತದೆ, ಆದರೆ ಬೈಂಡಿಂಗ್ ಪಾಲಿಸಿಯಲ್ಲೇ ಕೂತಿರುತ್ತದೆ. ಅದನ್ನು ತೆಗೆಯುವುದಕ್ಕೂ ಇದೇ ಸ್ಕ್ರಿಪ್ಟ್, ಇದೇ ವರ್ಷನ್ 3, ಇದೇ ಈಟ್ಯಾಗ್. ಅಪೆಂಡ್ ಇದ್ದ ಜಾಗದಲ್ಲಿ, ರೋಲ್ ಮತ್ತು ಕಂಡಿಷನ್ ಎರಡೂ ಹೊಂದುವ ಬೈಂಡಿಂಗನ್ನು ಹುಡುಕಿ ಆ ಮೆಂಬರನ್ನು ತೆಗೆಯುವ ಸಾಲು ಬರುತ್ತದೆ.