ಅಕ್ಕನ ಮಗನಿಗೊಂದು ಟೈ

ಮೈಸೂರು, ಜೂನ್ 14, 2025, ಶನಿವಾರ

ಸೋಮವಾರ ಅಕ್ಕನ ಮಗನಿಗೆ ಬೆಂಗಳೂರಲ್ಲಿ ಇಂಟರ್‌ವ್ಯೂ. ಬಿ.ಫಾರ್ಮಾ ಮುಗಿಸಿದ್ದಾನೆ, ಔಷಧ ಕಂಪನಿಯೊಂದರಲ್ಲಿ ಮೆಡಿಕಲ್ ರೆಪ್ ಕೆಲಸಕ್ಕೆ, ಅಂದರೆ ಡಾಕ್ಟರುಗಳಿಗೆ ಕಂಪನಿಯ ಔಷಧ ಪರಿಚಯಿಸುವ ಕೆಲಸಕ್ಕೆ. ನಿನ್ನೆ ಅಕ್ಕ ಫೋನ್ ಮಾಡಿ, "ಇಷ್ಟು ವರ್ಷ ಟೈ ಕಟ್ಟಿಕೊಂಡು ಡಾಕ್ಟರುಗಳ ಬಾಗಿಲು ಕಾದವನು ನೀನು. ನಿಂದೇ ಒಂದು ಹಳೇದು ಕೊಡು, ಸಾಕು" ಎಂದಳು. ಸಂಜೆ ಹುಡುಗ ಹುಣಸೂರಿನಿಂದ ಬಂದೇಬಿಟ್ಟ.

ಹಳೇ ಟೈಗಳನ್ನು ಹಾಸಿಗೆ ಮೇಲೆ ಹರಡಿದೆ. ತೊಂಬತ್ತರ ದಶಕದಲ್ಲಿ ಕೊಂಡವು ಒಂದೊಂದೂ ನಾಲ್ಕು ಇಂಚು ಅಗಲ, ಮೈತುಂಬ ಹೂವು, ಬಳ್ಳಿ. ಈಗಿನ ಸಣ್ಣ ಕಾಲರಿಗೆ ಹೊಂದುವುದಿಲ್ಲ. ಜೊತೆಗೆ ಇವನು ಆರಡಿ ಎತ್ತರ. ಟೈ ತುದಿ ಬೆಲ್ಟಿನ ಬಕಲ್ ಮುಟ್ಟಬೇಕು, ಇವನಿಗೆ ಹೊಟ್ಟೆಯ ಮೇಲೇ ನಿಂತಿತು. ಹೊಸದೇ ಕೊಡಿಸೋಣ ಎಂದು ಬೆಳಿಗ್ಗೆ ದೇವರಾಜ ಅರಸು ರಸ್ತೆಗೆ ಕರೆದುಕೊಂಡು ಹೋದೆ.

ಅಂಗಡಿಯವರು ಮೊದಲು ತೆಗೆದದ್ದು ಗಿಫ್ಟ್ ಬಾಕ್ಸ್. ಫಳಫಳ ಹೊಳೆಯುವ ಸ್ಯಾಟಿನ್ ಟೈ, ಅದೇ ಬಟ್ಟೆಯ ಕರ್ಚೀಫು, ಕಫ್‌ಲಿಂಕ್. ಮದುವೆ ರಿಸೆಪ್ಷನ್ನಿಗೆ ಚೆನ್ನಾಗಿರುತ್ತೆ. ಇಂಟರ್‌ವ್ಯೂ ರೂಮಿನ ಟ್ಯೂಬ್‌ಲೈಟ್ ಕೆಳಗೆ ಮುಖಕ್ಕಿಂತ ಟೈಯೇ ಜಾಸ್ತಿ ಮಿಂಚುತ್ತೆ, ಬೇಡ ಎಂದೆ. ಆಮೇಲೆ ಗಂಟು ಮೊದಲೇ ಹಾಕಿರುವ ಜಿಪ್ ಟೈ ಬಂತು. ಅದೂ ಬೇಡ. ಗಂಟು ಹಾಕಲು ಕಲಿತರೆ ಆಯಿತು, ಜಿಪ್ ಯಾಕೆ?

ಹುಡುಗನ ಕಣ್ಣು ಮೆರೂನ್, ಹಳದಿ ಪಟ್ಟೆಯದರ ಮೇಲಿತ್ತು. ಬ್ರಿಟನ್ನಿನಲ್ಲಿ ಪಟ್ಟೆ ಟೈ ನೋಡಿ ಯಾವ ರೆಜಿಮೆಂಟು, ಯಾವ ಸ್ಕೂಲು, ಯಾವ ಕ್ಲಬ್ಬು ಎಂದು ಹೇಳುತ್ತಾರೆ. ನಮ್ಮಲ್ಲಿ ಆ ಲೆಕ್ಕ ಇಲ್ಲ. ಆದರೂ ದಪ್ಪ ಪಟ್ಟೆ ಹಾಕಿದರೆ ಇವನು ಹತ್ತನೇ ಕ್ಲಾಸಿನ ಹುಡುಗನ ಹಾಗೆ ಕಾಣುತ್ತಾನೆ. ಅದನ್ನೇ ಹೇಳಿದೆ, ಒಪ್ಪಿದ.

"ರೇಷ್ಮೆದು ಬೇಡ್ವಾ ಮಾಮ? ಫ್ಯಾಕ್ಟರಿ ಇಲ್ಲೇ ಇದೆಯಲ್ಲ" ಎಂದು ಕೇಳಿದ. ಮಾನಂದವಾಡಿ ರಸ್ತೆಯ ಆ ಫ್ಯಾಕ್ಟರಿ ನಾಲ್ವಡಿಯವರ ಕಾಲದ್ದು, 1912ರದ್ದು. ಸೀರೆ ಜೊತೆಗೆ ಅವರದೇ ಟೈಗಳೂ ಸಿಗುತ್ತವೆ. ರೇಷ್ಮೆಯಲ್ಲಿ ಗಂಟು ಕೂರುವ ಚಂದವೇ ಬೇರೆ, ಜಾರುವುದಿಲ್ಲ. ಆದರೆ ಒಂದು ಹನಿ ನೀರು ಬಿದ್ದರೂ ಕಲೆ ಉಳಿಯಬಹುದು. ಇದು ಜೂನ್ ತಿಂಗಳು, ಯಾವಾಗ ಮಳೆ ಹಿಡಿಯುತ್ತೋ. ಮೊದಲ ಸಂಬಳದಲ್ಲಿ ತಗೋ, ಈಗ ಪಾಲಿಯೆಸ್ಟರ್ ಸಾಕು ಎಂದೆ.

ಪಾಲಿಯೆಸ್ಟರಿನಲ್ಲೂ ಆರಿಸಿ ತೆಗೆಯಬೇಕು. ಸಣ್ಣ ತುದಿ ಹಿಡಿದು ಸುಮ್ನೆ ಇಳಿಬಿಟ್ಟರೆ ಟೈ ನೆಟ್ಟಗೆ ನಿಲ್ಲಬೇಕು. ತಿರುಚಿಕೊಂಡರೆ ಕತ್ತರಿಸಿದ್ದು ಸರಿಯಿಲ್ಲ ಎಂದರ್ಥ. ಟೈ ಬಟ್ಟೆಯನ್ನು 45 ಡಿಗ್ರಿ ಓರೆಯಾಗಿ ಕತ್ತರಿಸುತ್ತಾರೆ. 1920ರ ದಶಕದಲ್ಲಿ ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್ ಎಂಬ ಟೈ ತಯಾರಕ ರೂಢಿಗೆ ತಂದ ಕ್ರಮ ಅದು. ಓರೆ ಇರುವುದರಿಂದಲೇ ಬಟ್ಟೆ ಎಳೆದಾಗ ಹಿಗ್ಗುತ್ತೆ, ಗಂಟು ಬಿಚ್ಚಿದ ಮೇಲೆ ಮೊದಲಿನ ಹಾಗೇ ಆಗುತ್ತೆ. ಮೂರು ನಾಲ್ಕು ಟೈ ತಿರುಚಿಕೊಂಡವು. ಕಡೆಗೆ ಸಿಕ್ಕಿದ್ದು ಕಡುನೀಲಿ, ಸಾಸಿವೆಯಷ್ಟು ಸಣ್ಣ ಬಿಳಿ ಚುಕ್ಕಿ, ಮೂರು ಇಂಚು ಅಗಲ. ಅವನ ತಿಳಿನೀಲಿ ಶರ್ಟಿನ ಮೇಲೆ ಇಟ್ಟ ಕೂಡಲೇ ಇದೇ ಎನ್ನಿಸಿತು. ಶರ್ಟಿಗಿಂತ ಟೈ ಗಾಢವಾಗಿದ್ದರೆ ಕಣ್ಣಿಗೆ ಹಿತ.

ಮಧ್ಯಾಹ್ನ ಊಟ ಆದ ಮೇಲೆ ಗಂಟಿನ ಪಾಠ. ಸ್ಕೂಲಿನಲ್ಲಿ ಎಲಾಸ್ಟಿಕ್ ಟೈ ಹಾಕಿದ್ದು ಬಿಟ್ಟರೆ ಅವನಿಗೆ ಅಭ್ಯಾಸ ಇಲ್ಲ. ಕನ್ನಡಿ ಮುಂದೆ ಅವನ ಹಿಂದೆ ನಿಂತು ಫೋರ್-ಇನ್-ಹ್ಯಾಂಡ್ ಎಂಬ ಗಂಟು ಕಲಿಸಿದೆ. ದಪ್ಪ ವಿಂಡ್ಸರ್ ಗಂಟು ಟೈ ಉದ್ದವನ್ನು ಜಾಸ್ತಿ ನುಂಗುತ್ತೆ, ಎತ್ತರದವರಿಗೆ ಈ ಸಣ್ಣ ಗಂಟೇ ವಾಸಿ. ಅಗಲದ ಭಾಗವನ್ನು ಸಣ್ಣದರ ಮೇಲಿಂದ ತಂದು, ಹಿಂದಿನಿಂದ ಸುತ್ತಿ, ಮತ್ತೆ ಮುಂದೆ ತಂದು, ಕುತ್ತಿಗೆ ಹತ್ತಿರ ಕೆಳಗಿನಿಂದ ಮೇಲೆತ್ತಿ, ಮುಂದಿನ ಸುತ್ತಿನೊಳಗೆ ಇಳಿಸುವುದು. ಬಿಗಿ ಮಾಡುವಾಗ ಗಂಟಿನ ಕೆಳಗೆ ತೋರುಬೆರಳು ಒತ್ತಿ ಹಿಡಿದರೆ ಸಣ್ಣ ಗುಳಿ ಬೀಳುತ್ತೆ. ಆ ಗುಳಿ ಬಿದ್ದಾಗ ಹುಡುಗ ನಕ್ಕ ನೋಡಿ, ನನಗೂ ಖುಷಿಯಾಯಿತು.

ಆಮೇಲೆ ನಾನೇ ಡಾಕ್ಟರಾಗಿ ಕೂತೆ. ಔಷಧದ ಚಿತ್ರ, ವಿವರ ಇರುವ ಹಳೇ ವಿಷುಯಲ್ ಏಡ್ ಪುಸ್ತಕ ಒಂದನ್ನು ಕೈಗೆ ಕೊಟ್ಟು ಡಿಟೇಲಿಂಗ್ ಮಾಡು, ಅಂದರೆ ಪುಟ ತೋರಿಸಿ ಔಷಧದ ಬಗ್ಗೆ ವಿವರಿಸು ಎಂದೆ. ಮಾತು ಚೆನ್ನಾಗಿತ್ತು, ಆದರೆ ನಿಮಿಷಕ್ಕೊಮ್ಮೆ ಕೈ ಕುತ್ತಿಗೆಗೆ ಹೋಗುತ್ತಿತ್ತು. ಏರಿಯಾ ಮ್ಯಾನೇಜರುಗಳು ನೋಡುವುದು ಅದನ್ನೇ. ಫೀಲ್ಡಿನಲ್ಲಿ ಡಾಕ್ಟರು ಕೊಡುವುದು ಒಂದೆರಡು ನಿಮಿಷ. ಆ ಹೊತ್ತಲ್ಲಿ ಒಂದು ಕೈ ಪುಟ ಹಿಡಿದಿರಬೇಕು, ಇನ್ನೊಂದರಲ್ಲಿ ಪೆನ್ನು ಇರಬೇಕು. ಟೈ ಮೇಲೆ ಗಮನ ಹೋದರೆ ಡಾಕ್ಟರ ಗಮನವೂ ಅಲ್ಲಿಗೇ ಹೋಗುತ್ತೆ.

"ಟೈ ಬಿಗಿ ಮಾಮ" ಎಂದ. ಬೆರಳು ಹಾಕಿ ನೋಡಿದರೆ ಬಿಗಿಯಾಗಿದ್ದದ್ದು ಶರ್ಟಿನ ಕಾಲರು. ಎರಡು ಬೆರಳು ಆಡುವಷ್ಟು ಜಾಗ ಬೇಕು, ಅಲ್ವಾ? ಅವನ ಅತ್ತೆ ಮೇಲಿನ ಗುಂಡಿ ಬಿಚ್ಚಿ ಒಂದಿಷ್ಟು ಸರಿಸಿ ಹೊಲಿದುಕೊಟ್ಟಳು. ಮತ್ತೆ ಡಿಟೇಲಿಂಗ್. ಈ ಸಲ ಕೈ ಒಮ್ಮೆಯೂ ಮೇಲೆ ಹೋಗಲಿಲ್ಲ.

ನಾಳೆ ಬೆಳಿಗ್ಗೆ ಪೂರ್ತಿ ಟೈ ಕಟ್ಟಿಕೊಂಡೇ ಮನೆಯಲ್ಲಿ ಓಡಾಡು ಎಂದಿದ್ದೇನೆ. ಸೋಮವಾರ ಬಸ್ಸಿನಲ್ಲಿ ಬೇಡ, ಸುತ್ತಿ ಬ್ಯಾಗಿನಲ್ಲಿ ಇಟ್ಟುಕೊಳ್ಳಲಿ. ಸ್ಯಾಟಲೈಟ್ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ತಿಂಡಿ ತಿಂದು, ಮುಖ ತೊಳೆದ ಮೇಲೆ ಕಟ್ಟಿಕೊಂಡರೆ ಸಾಕು. ತಿಂಡಿ ಮೊದಲು ಎಂದು ಎರಡೆರಡು ಸಲ ಹೇಳಿದ್ದೇನೆ, ಇವನಿಗೆ ಇಡ್ಲಿ ಜೊತೆ ಸಾಂಬಾರ್ ಬಟ್ಟಲು ತುಂಬ ಬೇಕು.