ಮಳೆ ಲಾಗರ್: ಗಡಿಯಾರದ ಡ್ರೈವರ್‌ಗೆ ಏನು ಬೇಕು, ಏನು ಬೇಡ

ಬದಿಯಡ್ಕದ ನಮ್ಮ ತೋಟದಲ್ಲಿ ಮಳೆ ಎಷ್ಟು ಬಂತು ಎನ್ನುವುದಕ್ಕಿಂತ ಎಷ್ಟು ಹೊತ್ತಿಗೆ ನಿಂತಿತು ಎನ್ನುವುದು ಮುಖ್ಯ. ಅಡಿಕೆಗೆ ಬೋರ್ಡೋ (ಕೊಳೆರೋಗದ ಔಷಧಿ) ಬಿಡಲು ಒಣ ಬಿಡುವು ಸಿಗಬೇಕಲ್ವಾ. ಮಳೆಯ ಲೆಕ್ಕ ಬರೆದಿಡುವ ಲಾಗರ್‌ನ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಝೀರೋಗೆ ಸ್ವಂತ ಗಡಿಯಾರವಿಲ್ಲ. ತೋಟದ ಆ ಮೂಲೆಯಲ್ಲಿ ನೆಟ್ ಕೂಡ ಇಲ್ಲ. ಹಾಗಾಗಿ ಡಿಎಸ್3231 ಎಂಬ ಗಡಿಯಾರದ ಚಿಪ್ ಸೇರಿಸಿದೆ. 0ಯಿಂದ 40 ಡಿಗ್ರಿವರೆಗೆ 2 ಪಿಪಿಎಂ ನಿಖರತೆ, ಅಂದರೆ ವರ್ಷಕ್ಕೆ ಸುಮಾರು ಒಂದು ನಿಮಿಷ ಆಚೀಚೆ.

ಪೈ ಓಡಿಸುವ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಇದಕ್ಕೆ ಆರ್‌ಟಿಸಿ-ಡಿಎಸ್1307 ಎಂಬ ಡ್ರೈವರ್ (ಚಿಪ್ ಜೊತೆ ಮಾತಾಡುವ ಪ್ರೋಗ್ರಾಂ) ಆಗಲೇ ಇದೆ. ನಾನು ನನ್ನದೇ ಒಂದು ಬರೆಯುತ್ತಿರುವುದು ಕಲಿಯುವುದಕ್ಕೆ.

ಸಮಯ ಓದುವುದು, ಬರೆಯುವುದು ಆಯಿತು. ವರ್ಷದ ಮಿತಿ 2000ದಿಂದ 2099. ಚಿಪ್‌ನಲ್ಲಿ ಶತಮಾನದ ಬಿಟ್ (0 ಅಥವಾ 1 ಹಿಡಿಯುವ ಜಾಗ) ಒಂದಿದೆ, ಮುಟ್ಟಲಿಲ್ಲ. ಈಗಿರುವ ಕಂಗುಗಳೇ (ಅಡಿಕೆ ಮರಗಳೇ) ಅಲ್ಲಿವರೆಗೆ ಉಳಿಯುವುದಿಲ್ಲ.

ಓಎಸ್‌ಎಫ್ ಬಿಟ್ ಮಾತ್ರ ಬಿಡುವ ಹಾಗಿಲ್ಲ. ಬ್ಯಾಟರಿ ಸತ್ತು ಆಸಿಲೇಟರ್ (ಗಡಿಯಾರದ ಮಿಡಿತ) ನಿಂತರೆ ಚಿಪ್ ಇದನ್ನು 1 ಮಾಡುತ್ತದೆ. ಆಗ ಡ್ರೈವರ್ ಸಮಯ ಕೊಡದೆ ಎರರ್ ಕೊಡಬೇಕು. ತಪ್ಪು ಸಮಯಕ್ಕಿಂತ ಸಮಯವೇ ಇಲ್ಲದಿರುವುದು ವಾಸಿ. ಹೊಸ ಸಮಯ ಬರೆದ ಮೇಲಷ್ಟೇ ಅದನ್ನು 0 ಮಾಡುವುದು.

ಹೆಚ್ಚು ತಲೆ ತಿಂದದ್ದು ಇದೇ. ಓಎಸ್‌ಎಫ್ ಇರುವ ಸ್ಟೇಟಸ್ ರಿಜಿಸ್ಟರ್‌ನಲ್ಲೇ (ಒಟ್ಟಿಗೇ ಓದಿ ಬರೆಯುವ ಎಂಟು ಬಿಟ್‌ಗಳ ಖಾನೆ) ಎರಡು ಅಲಾರಂ ಫ್ಲ್ಯಾಗ್‌ಗಳೂ (ಅಲಾರಂ ಹೊಡೆದರೆ 1 ಆಗುವ ಬಿಟ್‌ಗಳು) ಚಿಪ್‌ನ ಮಿಡಿತ ಹೊರಗೆ ಕೊಡುವ 32 ಕಿಲೋಹರ್ಟ್ಸ್ ಪಿನ್ನಿನ ಸ್ವಿಚ್ಚೂ ಇವೆ. ರಿಜಿಸ್ಟರ್ ಓದಿ, ಓಎಸ್‌ಎಫ್ ಅಳಿಸಿ, ವಾಪಸ್ ಬರೆಯುವ ನಡುವೆ ಅಲಾರಂ ಹೊಡೆದರೆ? ಓದುವಾಗ 0 ಇದ್ದ ಫ್ಲ್ಯಾಗ್‌ಗೆ ನಾವು ಮತ್ತೆ 0 ಬರೆಯುತ್ತೇವೆ, ಅಲಾರಂ ಮಾಯ. ಡೇಟಾಶೀಟ್‌ನಲ್ಲಿ ದಾರಿ ಇದೆ: ಈ ಫ್ಲ್ಯಾಗ್‌ಗಳಿಗೆ 1 ಬರೆದರೆ ಏನೂ ಬದಲಾಗುವುದಿಲ್ಲ. ಹಾಗಾಗಿ ಮುಟ್ಟಬಾರದ ಫ್ಲ್ಯಾಗ್‌ಗೆ ಯಾವಾಗಲೂ 1 ಬರೆಯುತ್ತೇನೆ. 32 ಕಿಲೋಹರ್ಟ್ಸ್ ಸ್ವಿಚ್ ಹಾಗಲ್ಲ, ಅದು ಮೊದಲು ಇದ್ದಂತೆಯೇ ವಾಪಸ್ ಹೋಗಬೇಕು. ಒಂದು ಸೌಲಭ್ಯ ಬೇಡ ಎಂದರೂ ಅದರ ಬಿಟ್ ಕೆಡಿಸುವ ಹಾಗಿಲ್ಲ.

ಮೊದಲನೇ ಅಲಾರಂ ಬೇಕು, ಲಾಗರ್ ಎಬ್ಬಿಸಲು. ಅದರಲ್ಲಿ ತಿಂಗಳ ಜಾಗವೇ ಇಲ್ಲ, ತಾರೀಕು ಮಾತ್ರ. ಒಂದು ತಿಂಗಳು ದಾಟಿದ ಅಲಾರಂ ಕೇಳಿದರೆ ಎರರ್. ಎರಡನೇ ಅಲಾರಂ ಬೇಡ. ಕರ್ನಲ್‌ನ ಆರ್‌ಟಿಸಿ (ಗಡಿಯಾರದ ಚಿಪ್‌ಗಳ) ಚೌಕಟ್ಟು ಹಾರ್ಡ್‌ವೇರ್‌ನಿಂದ ಕೇಳುವುದು ಒಂದೇ ಅಲಾರಂ, ಜಾಸ್ತಿ ಬೇಕಾದರೆ ಸಾಫ್ಟ್‌ವೇರ್‌ನಲ್ಲೇ ಸರದಿ ಹಾಕುತ್ತದೆ.

ಚಿಪ್ ಅಳೆಯುವ ಉಷ್ಣಾಂಶದ ವಿಷಯದಲ್ಲಿ ಮನಸ್ಸು ಎರಡಾಯಿತು. ಕರ್ನಲ್‌ನ ಡ್ರೈವರ್ ಅದನ್ನು ಹೆಚ್‌ಡಬ್ಲ್ಯೂಮಾನ್ (ಕರ್ನಲ್‌ನ ಸೆನ್ಸರ್ ವಿಭಾಗ) ಮೂಲಕ ತೋರಿಸುತ್ತದೆ. ಓದುವುದು ಸುಲಭ, ಕಾಲು ಡಿಗ್ರಿ ಹೆಜ್ಜೆಯಲ್ಲಿ ಬರುತ್ತದೆ. ಆದರೆ ನಿಖರತೆ 3 ಡಿಗ್ರಿ ಆಚೀಚೆ, ಅಳೆಯುವುದೂ ಡಬ್ಬಿಯೊಳಗಿನ ಬಿಸಿ. ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಮಾಹಿತಿಯನ್ನು ಫೈಲ್‌ಗಳಾಗಿ ತೋರಿಸುವ ಜಾಗ) ಫೈಲ್ ಕಂಡರೆ ತಮ್ಮ ಅದನ್ನೇ ತೋಟದ ಹವೆ ಎಂದು ಗ್ರಾಫ್ ಮಾಡುವುದು ಖಂಡಿತ. ಒಮ್ಮೆ ಕೊಟ್ಟ ಫೈಲನ್ನು ಆಮೇಲೆ ಕಿತ್ತರೆ ಅವನ ಸ್ಕ್ರಿಪ್ಟ್ ಮುರಿಯುತ್ತದೆ. ಸದ್ಯಕ್ಕೆ ಬೇಡ. ಬೇಕೆನಿಸಿದರೆ ಸೇರಿಸಲು ಇಪ್ಪತ್ತು ಸಾಲು ಸಾಕು.

ಇನ್ನು ಇಂಟರಪ್ಟ್ (ಅಲಾರಂ ಹೊಡೆದಾಗ ಚಿಪ್‌ನಿಂದ ಪೈಗೆ ಹೋಗುವ ಸಂಕೇತ) ಉಳಿದಿದೆ. ನನ್ನ ಮಾಡ್ಯೂಲ್ ಮೇಲೆ ಆ ಪಿನ್ನಿಗೆ ಎಸ್‌ಕ್ಯೂಡಬ್ಲ್ಯೂ ಎಂದಷ್ಟೇ ಬರೆದಿದೆ. ಸ್ಕ್ವೇರ್‌ವೇವ್ (ಒಂದೇ ಲಯದ ಆನ್-ಆಫ್ ಮಿಡಿತ) ಮತ್ತು ಅಲಾರಂ ಎರಡಕ್ಕೂ ಅದೊಂದೇ ಪಿನ್, ಆದ್ದರಿಂದ ಸ್ಕ್ವೇರ್‌ವೇವ್ ಕೂಡ ಪಟ್ಟಿಯಿಂದ ಹೊರಗೆ. ವೈರ್ ಬೆಸುಗೆ ಹಾಕಿ ಡಿವೈಸ್ ಟ್ರೀಯಲ್ಲಿ (ಯಾವ ಪಿನ್ನಿಗೆ ಏನು ಜೋಡಿಸಿದೆ ಎಂದು ಕರ್ನಲ್‌ಗೆ ಹೇಳುವ ಪಟ್ಟಿ) ಸೇರಿಸುವುದು ಮುಂದಿನ ಕೆಲಸ.